ಐಸ್‌ಕ್ರೀಮ್ ಡಬ್ಬಿಯೊಳಗಿನ ದ್ರಾಕ್ಷಾರಸ

ಈ ಬರಹವನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂರು ದಶಕ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಸಿಟ್ಟನ್ನು ಹತ್ತಿಕ್ಕಿ ಮಾತಾಡುವ ಅಭ್ಯಾಸ ನನಗಿದೆ. ಆದರೆ ಈ ಸಿಟ್ಟಿನ ಅರ್ಧ ಪಾಲು ನನ್ನ ಮೇಲೆಯೇ ಇರುವುದರಿಂದ ಅದನ್ನು ಹತ್ತಿಕ್ಕುವ ಅಗತ್ಯ ಕಾಣಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಗಳು, ಅಳಿಯಂದಿರು, ಆರು ವರ್ಷದ ಮೊಮ್ಮಗ ಬೆಂಗಳೂರಿನಿಂದ ಕಲಬುರಗಿಯ ನಮ್ಮ ಮನೆಗೆ ಬಂದಿದ್ದರು. ನಮ್ಮೂರಿನ ಮೇ ತಿಂಗಳು ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಹನ್ನೊಂದು ಗಂಟೆಗೆಲ್ಲ ರಸ್ತೆ ಬರಿದಾಗುತ್ತದೆ, ಪಾದರಸ ನಲವತ್ತೆರಡು ನಲವತ್ಮೂರರ ಆಸುಪಾಸಿನಲ್ಲಿ ಕುಳಿತುಬಿಡುತ್ತದೆ, ಹಾಸಿಗೆಯೂ ಒಲೆಯ ಮೇಲಿಟ್ಟ ಹೆಂಚಿನಂತೆ ಕಾಯುತ್ತದೆ. ಅಳಿಯಂದಿರಿಗೆ ಅಮೆರಿಕದಲ್ಲಿರುವ ಅವರ ಅಣ್ಣ ಒಂದು ಪೊಟ್ಟಣ ತಂದುಕೊಟ್ಟಿದ್ದರು. ಹೊಳೆಯುವ ಕಾಗದ, ಅದರ ಮೇಲೆ ಹಣ್ಣುಗಳ ಚಿತ್ರ, ಒಳಗೆ ಗುಲಾಬಿ ಬಣ್ಣದ ಪುಡಿ. ಆ ಪುಡಿಗೆ ಒಂದು ಬಾಟಲಿ ವೈನನ್ನೂ ಒಂದಿಷ್ಟು ನೀರನ್ನೂ ಬೆರೆಸಿ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಚಮಚದಲ್ಲಿ ಕೆರೆದು ತಿನ್ನುವಂಥ ತಣ್ಣನೆಯ ಪಾನೀಯ ಸಿದ್ಧವಾಗುತ್ತದಂತೆ. ಅವರು ಅದನ್ನು ನಮ್ಮ ಅಡುಗೆಮನೆಯಲ್ಲೇ ಕಲಸಿದರು. ನಾನು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದೆ. ಏನೋ ಶರಬತ್ತು ಮಾಡುತ್ತಿದ್ದಾರೆಂದುಕೊಂಡೆ. ಇಡಲು ಪಾತ್ರೆ ಕೇಳಿದಾಗ ನನ್ನ ಮನೆಯಾಕೆ ತೊಳೆದಿಟ್ಟಿದ್ದ ಖಾಲಿ ಐಸ್‌ಕ್ರೀಮ್ ಡಬ್ಬಿಯೊಂದನ್ನು ಕೊಟ್ಟಳು. ಐಸ್‌ಕ್ರೀಮ್ ಡಬ್ಬಿಯನ್ನು ಎಸೆಯುವ ಮನೆ ನಮ್ಮ ಪೀಳಿಗೆಯಲ್ಲಿ ಒಂದೂ ಇರಲಾರದು. ಹಪ್ಪಳದ ಹಿಟ್ಟಿನಿಂದ ಹಿಡಿದು ಹುಣಸೆಹಣ್ಣಿನವರೆಗೆ ಎಲ್ಲವೂ ಅದರಲ್ಲೇ.

ಮರುದಿನ ಮಧ್ಯಾಹ್ನ ಮಗಳು, ಅಳಿಯಂದಿರು ನೆಂಟರ ಮನೆಗೆ ಹೋಗಿದ್ದರು. ಕರೆಂಟು ಹೋಗಿ ಎರಡು ತಾಸಾಗಿತ್ತು. ಮೊಮ್ಮಗ ಸೆಖೆಗೆ ಅಳುತ್ತಿದ್ದ. ನಾನು ಫ್ರೀಜರ್ ತೆರೆದೆ. ಡಬ್ಬಿ ಕಂಡಿತು. ಮುಚ್ಚಳ ತೆಗೆದರೆ ಗುಲಾಬಿ ಬಣ್ಣದ, ಹಣ್ಣಿನ ವಾಸನೆಯ ಹಿಮ. ಮೇಲೆ ಗಟ್ಟಿ, ತಳದಲ್ಲಿ ಕರಗಿ ತೆಳ್ಳಗಾದ ರಸ. ಮಗುವಿಗೆ ಹಲ್ಲು ಜುಮ್ಮೆನ್ನದಿರಲೆಂದು ತಳದ ಮೆತ್ತಗಿನ ಭಾಗವನ್ನೇ ಹುಡುಕಿ ಬಟ್ಟಲಿಗೆ ಹಾಕಿ ಕೊಟ್ಟೆ.

ಕೊಟ್ಟವನು ನಾನೇ. ಈ ಬರಹವನ್ನು ಓದುವವರು ಇದನ್ನು ಮರೆಯಬಾರದು.

ಅವನು ಅರ್ಧ ಬಟ್ಟಲು ತಿಂದ. ‘ಅಜ್ಜಾ, ಇನ್ನೂ ಸ್ವಲ್ಪ’ ಎಂದ. ಆಮೇಲೆ ಕಾರಣವಿಲ್ಲದೆ ನಗತೊಡಗಿದ. ಎದ್ದು ನಡೆಯಲು ಹೋಗಿ ಕಂಬಕ್ಕೆ ಆತು ನಿಂತ. ಒಳಗಿನಿಂದ ಬಂದ ಮನೆಯಾಕೆ, ‘ಹುಡುಗನ ಕಣ್ಣು ಯಾಕ ಹಿಂಗ್ ಆಗ್ಯಾವ ನೋಡ್ರಿ’ ಎಂದಾಗಲೇ ನಾನು ಬಟ್ಟಲಿನಲ್ಲಿ ಉಳಿದುದನ್ನು ನಾಲಗೆಗೆ ಹಚ್ಚಿ ನೋಡಿದ್ದು. ಆಗಲೂ ತಣ್ಣಗಿದ್ದಷ್ಟು ಹೊತ್ತು ಏನೂ ತಿಳಿಯಲಿಲ್ಲ. ಬಾಯೊಳಗೆ ಬಿಸಿಯಾದ ಮೇಲೆ ಗಂಟಲಿಗೆ ಇಳಿಯುವಾಗ ಗೊತ್ತಾಯಿತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ರಾತ್ರಿಯಿಡೀ ಇಟ್ಟುಕೊಂಡು ತಾಸಿಗೊಮ್ಮೆ ಮಗುವಿನ ರಕ್ತದ ಸಕ್ಕರೆ ನೋಡಿದರು, ಬೆಳಿಗ್ಗೆ ಕಳಿಸಿದರು. ಹುಡುಗ ಆರೋಗ್ಯವಾಗಿದ್ದಾನೆ. ಅವನಿಗೆ ಅದೊಂದು ಆಸ್ಪತ್ರೆಯ ಸಾಹಸದ ಕಥೆ. ನನಗೆ ಹಾಗಲ್ಲ.

ಇಷ್ಟಾದ ಮೇಲೂ ನನ್ನನ್ನು ಕೆರಳಿಸಿದ್ದು ಅಳಿಯಂದಿರ ಮಾತು. ಕೆಟ್ಟ ಮನುಷ್ಯರಲ್ಲ ಅವರು. ಮಗುವಿನ ಪಕ್ಕ ರಾತ್ರಿಯಿಡೀ ಕಣ್ಣು ಮುಚ್ಚದೆ ಕುಳಿತಿದ್ದವರು. ಆದರೆ ಮನೆಗೆ ಬಂದ ಮೇಲೆ ಹೇಳಿದರು: ‘ಮಾಮಾ, ಅದು ವೈನ್ ಅಷ್ಟೇ ಅಲ್ರೀ, ಲಿಕರ್ ಅಲ್ಲಲ್ಲ. ದ್ರಾಕ್ಷಿ ಹಣ್ಣಿನ ರಸ. ಅದರಾಗ ಮನ್ಯಾಗ ಮಾಡಿದ್ದು.’

ಈ ಮೂರು ಸಣ್ಣ ವಾಕ್ಯಗಳ ಮೇಲೆ ನನಗೆ ಜಗಳವಿದೆ.

ಮೊದಲನೆಯದು ‘ರಸ’ ಎಂಬ ಮಾತು. ವೈನಿಗೆ ನಾವು ಕನ್ನಡದಲ್ಲಿ ‘ದ್ರಾಕ್ಷಾರಸ’ ಎನ್ನುತ್ತೇವೆ. ಬೈಬಲ್ಲಿನ ಕನ್ನಡ ಅನುವಾದದಲ್ಲಿ ಈ ಪದ ನೆಲೆಯೂರಿತು. ಅಲ್ಲಿ ಸಂದರ್ಭವೇ ಅರ್ಥವನ್ನು ಕಾಯುತ್ತದೆ, ಓದುವವರು ಮೋಸಹೋಗುವುದಿಲ್ಲ. ಆದರೆ ಅದೇ ಪದ ಸರ್ಕಾರದ ಕಡತಕ್ಕೂ ಜಾಹೀರಾತಿಗೂ ಬಂದಾಗ ಕಥೆಯೇ ಬೇರೆ. ನಮ್ಮ ರಾಜ್ಯ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೊಂದನ್ನು ತಂದಿತು, ಅದಕ್ಕಾಗಿ ಒಂದು ಮಂಡಳಿಯೂ ಬಂತು, ಊರೂರುಗಳಲ್ಲಿ ‘ದ್ರಾಕ್ಷಾರಸ ಉತ್ಸವ’ಗಳು ನಡೆದವು. ಕಬ್ಬಿನ ರಸ, ನಿಂಬೆಯ ರಸ, ಮಾವಿನ ರಸ ಎನ್ನುವಾಗ ಯಾವ ರಸವಿದೆಯೋ ಅದೇ ರಸ ಇದೆಂದು ಕಿವಿ ನಂಬುತ್ತದೆ. ಹಿಂಡಿದ್ದು ರಸ, ಹುಳಿಸಿ ಅಮಲು ಬರಿಸಿದ್ದು ಆಸವ. ಆಯುರ್ವೇದದವರು ಈ ಭೇದವನ್ನು ಬಲ್ಲವರು. ಅವರ ಔಷಧಿಯ ಹೆಸರು ದ್ರಾಕ್ಷಾಸವ, ದ್ರಾಕ್ಷಾರಿಷ್ಟ. ಹುದುಗಿಸಿದ್ದೆಂಬುದು ಹೆಸರಿನಲ್ಲೇ ಇದೆ, ಅಳತೆ ಮಾಡಿ ಕುಡಿಯಬೇಕೆಂಬುದೂ ಅದರ ಜೊತೆಗೇ ಬರುತ್ತದೆ. ಈಚಲು ಮರದಿಂದ ಇಳಿಸಿದ್ದಕ್ಕೆ ನಮ್ಮ ಕಡೆ ಶಿಂದಿ ಎನ್ನುತ್ತಾರೆ. ಯಾರೂ ಅದನ್ನು ‘ಈಚಲರಸ’ ಎಂದು ಕರೆದು ಉತ್ಸವ ಮಾಡಲಿಲ್ಲ. ಬಡವ ಕುಡಿದರೆ ಹೆಂಡ, ಇದ್ದವರು ಕುಡಿದರೆ ರಸ! ಭಾಷೆಯೊಳಗಿನ ಈ ಪಂಕ್ತಿಭೇದವನ್ನು ಯಾವ ವ್ಯಾಕರಣ ಪುಸ್ತಕವೂ ಹೇಳಿಕೊಡುವುದಿಲ್ಲ.

ಅದೇ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಒಂದೇ ವರ್ಷ. ಒಂದು ಕೈಯಲ್ಲಿ ಕೂಲಿಯವನ ಪ್ಯಾಕೆಟ್ಟನ್ನು ಕಸಿದುಕೊಂಡು ಇನ್ನೊಂದು ಕೈಯಲ್ಲಿ ಇದ್ದವರ ಬಾಟಲಿಗೆ ನೀತಿ ಬರೆದುಕೊಟ್ಟರು. ಸಾರಾಯಿ ಹೋದದ್ದಕ್ಕೆ ನನಗೆ ದುಃಖವಿಲ್ಲ. ಅದು ಮನೆಗಳನ್ನು ಹೇಗೆ ತಿಂದಿತೆಂಬುದನ್ನು ಕಂಡವನು ನಾನು. ಆ ಮಾತಿಗೇ ಬರುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಕಮಲಾಪುರದಲ್ಲಿ ಪಾಠ ಹೇಳುತ್ತಿದ್ದೆ. ಈಗ ಅದು ತಾಲ್ಲೂಕು ಕೇಂದ್ರ. ಆಗ ಹುಮನಾಬಾದ್ ರಸ್ತೆಯ ಮೇಲಿನ ಒಂದು ದೊಡ್ಡ ಹಳ್ಳಿ, ಸುತ್ತಲಿನ ತಗ್ಗಿನಲ್ಲಿ ಬಾಳೆಯ ತೋಟಗಳು. ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲೇ ತೂರಾಡಿ ಬಿದ್ದ. ಬಾಯಿಂದ ಸಾರಾಯಿಯ ವಾಸನೆ. ಅಪ್ಪನ ಪ್ಯಾಕೆಟ್ಟಿನ ಮೂಲೆ ಕಚ್ಚಿ ಹೀರಿದ್ದನಂತೆ. ನಾವು ಅಪ್ಪನನ್ನು ಕರೆಸಿದೆವು. ತೋಟದಲ್ಲಿ ಕೂಲಿಗೆ ಹೋಗುವವನು, ಕೆಸರು ಕಾಲಿನಲ್ಲೇ ಬಂದಿದ್ದ. ಶಿಕ್ಷಕರ ಕೊಠಡಿಯಲ್ಲಿ ಅವನನ್ನು ನಿಲ್ಲಿಸಿ ನಾವೆಲ್ಲ ಸರದಿಯಂತೆ ಬೈದೆವು. ಕುರ್ಚಿ ಕೊಡಲಿಲ್ಲ. ಹೆಚ್ಚು ಬೈದವನು ನಾನು. ವಿಜ್ಞಾನದವನಲ್ಲವೇ, ಯಕೃತ್ತು, ನರ, ಮೆದುಳು ಎಲ್ಲವನ್ನೂ ಅವನ ತಲೆಯ ಮೇಲೆ ಸುರಿದೆ. ಎಲ್ಲ ಕೇಳಿದ ಮೇಲೆ ಅವನು ಅಂದದ್ದು ಇಷ್ಟೇ: ‘ನಾ ಮಾಡದಾಗ ಮ್ಯಾಲ ಇಟ್ಟಿದ್ದೆರಿ ಸರ, ಹುಡುಗನ ಕೈಗಿ ಸಿಗಲಾರ್ದಂಗ.’ ಗೋಡೆಯ ಮಾಡದಲ್ಲಿ, ಎತ್ತರದಲ್ಲಿ, ಮಗನ ಕೈಗೆ ಸಿಗದಂತೆ ಇಟ್ಟಿದ್ದ. ನೆವ ಹೇಳುತ್ತಾನೆಂದು ಮತ್ತೆ ಬೈದು ಕಳಿಸಿದೆ.

ಆ ಮನುಷ್ಯ ಅಷ್ಟಾದರೂ ಮಾಡಿದ್ದ. ಅವನ ಪ್ಯಾಕೆಟ್ಟು ಸಾರಾಯಿಯಂತೆಯೇ ಕಾಣುತ್ತಿತ್ತು, ಸಾರಾಯಿಯಂತೆಯೇ ನಾರುತ್ತಿತ್ತು. ಅದನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ ಹಾಕಿ ಗುಲಾಬಿ ಬಣ್ಣ ಬಳಿದು ಮಗುವಿನ ಕಣ್ಣಳತೆಯಲ್ಲಿ ಇಟ್ಟಿರಲಿಲ್ಲ. ಅವನನ್ನು ನಿಲ್ಲಿಸಿ ಬೈದ ನಾನು, ಆಸ್ಪತ್ರೆಯಿಂದ ಬಂದ ಬೆಳಿಗ್ಗೆ ಅಳಿಯಂದಿರಿಗೆ ಕುರ್ಚಿ ಎಳೆದುಕೊಟ್ಟು ಚಹಾ ಕೊಟ್ಟೆ. ನನ್ನನ್ನು ಯಾರು ನಿಲ್ಲಿಸಿ ಬೈದರು?

ಇನ್ನು ಎರಡನೆಯ ಮಾತು, ‘ವೈನ್ ಅಷ್ಟೇ’. ಇಲ್ಲಿ ನಾನು ಕರಿಹಲಗೆಯ ಮುಂದೆ ನಿಲ್ಲಲೇಬೇಕು, ಕ್ಷಮಿಸಿ. 750 ಮಿಲಿಲೀಟರಿನ ಬಾಟಲಿಯಲ್ಲಿ ಶೇಕಡಾ 12ರಷ್ಟು ಆಲ್ಕೊಹಾಲ್ ಇದ್ದರೆ, ಅಂದರೆ ಸಾಮಾನ್ಯ ವೈನ್, ಅದರಲ್ಲಿರುವುದು 90 ಮಿಲಿ ಶುದ್ಧ ಆಲ್ಕೊಹಾಲ್. ನೀರು, ಸಕ್ಕರೆ ಸೇರಿ ಅದು ಸುಮಾರು ಒಂದೂಕಾಲು ಲೀಟರ್ ಆಯಿತೆಂದುಕೊಳ್ಳೋಣ. ನೂರು ಮಿಲಿಯ ಒಂದು ಸಣ್ಣ ಬಟ್ಟಲಿನಲ್ಲಿ 7 ಮಿಲಿ, ತೂಕದಲ್ಲಿ 5.5 ಗ್ರಾಂ. ಇಪ್ಪತ್ತು ಕಿಲೋ ತೂಕದ ಮಗುವಿನ ಮೈಯಲ್ಲಿರುವ ನೀರು ಹನ್ನೆರಡು ಲೀಟರಿನಷ್ಟು. ಭಾಗಿಸಿ ನೋಡಿ: ನೂರು ಮಿಲಿಗೆ 40 ಮಿಲಿಗ್ರಾಂ ದಾಟುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆ ವಾಹನ ಓಡಿಸುವವನ ರಕ್ತದಲ್ಲಿ ನೂರು ಮಿಲಿಗೆ 30 ಮಿಲಿಗ್ರಾಂ ದಾಟಿದರೆ ಅಪರಾಧ ಎನ್ನುತ್ತದೆ. ಲಾರಿ ಡ್ರೈವರನನ್ನು ಹಿಡಿದು ದಂಡ ಹಾಕುವ ಪ್ರಮಾಣಕ್ಕಿಂತ ಹೆಚ್ಚಿನದು ಒಂದನೆಯ ತರಗತಿಯ ಹುಡುಗನಿಗೆ ಒಂದು ಬಟ್ಟಲಿನಲ್ಲಿ! ಸಣ್ಣ ಮಕ್ಕಳಲ್ಲಿ ಆಲ್ಕೊಹಾಲ್ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಆ ರಾತ್ರಿ ಮಗುವಿನ ಬೆರಳನ್ನು ಮತ್ತೆ ಮತ್ತೆ ಚುಚ್ಚಿದ್ದು ಅದಕ್ಕೇ.

ಇದಕ್ಕಿಂತ ಸೂಕ್ಷ್ಮವಾದುದು ಹೆಪ್ಪುಗಟ್ಟುವಿಕೆಯ ವಿಷಯ. ಕಮಲಾಪುರದ ಶಾಲೆಯ ಎದುರು ಕುಲ್ಫಿ ಮಾರುವವನೊಬ್ಬ ಗಾಡಿ ನಿಲ್ಲಿಸುತ್ತಿದ್ದ. ಅವನ ಪೆಟ್ಟಿಗೆಯನ್ನು ತೋರಿಸಿ ನಾನು ಪಾಠ ಮಾಡುತ್ತಿದ್ದೆ: ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಬರ್ಫಿಗೆ ಉಪ್ಪು ಬೆರೆಸಿದರೆ ಸೊನ್ನೆಗಿಂತಲೂ ಕೆಳಗೆ ಇಳಿಯುತ್ತದೆ, ಹಾಲು ಗಟ್ಟಿಯಾಗುವುದು ಅದರಿಂದಲೇ. ಪಾಠ ಮುಗಿದ ಮೇಲೆ ಅವನ ವ್ಯಾಪಾರವೂ ಚೆನ್ನಾಗಿ ನಡೆಯುತ್ತಿತ್ತು. ಆಲ್ಕೊಹಾಲ್ ಹೆಪ್ಪುಗಟ್ಟಲು ಸೊನ್ನೆಗಿಂತ 114 ಡಿಗ್ರಿ ಕೆಳಗಿಳಿಯಬೇಕು. ಮನೆಯ ಫ್ರೀಜರ್ ಇಳಿಯುವುದು ಸಾಮಾನ್ಯವಾಗಿ ಹದಿನೆಂಟು ಡಿಗ್ರಿ. ಹಾಗಾಗಿ ವೈನನ್ನು ಅಲ್ಲಿಟ್ಟರೆ ಮೊದಲು ಗಟ್ಟಿಯಾಗುವುದು ಅದರೊಳಗಿನ ನೀರು. ಉಳಿದ ದ್ರವ ಹೊತ್ತು ಹೋದಂತೆ ಖಾರವಾಗುತ್ತ ಹೋಗುತ್ತದೆ. ಮೇಲಿನ ಹಿಮ ಸೌಮ್ಯ, ತಳದ ರಸ ತೀಕ್ಷ್ಣ. ಕರೆಂಟು ಹೋಗಿ ಕರಗತೊಡಗಿದಾಗ ಮೊದಲು ಹರಿದುಬರುವುದೂ ಆ ತೀಕ್ಷ್ಣ ಭಾಗವೇ. ನಾನು ಮೊಮ್ಮಗನ ಹಲ್ಲಿಗೆ ಹಿತವಾಗಲೆಂದು ಹುಡುಕಿ ಹುಡುಕಿ ಕೊಟ್ಟದ್ದು ಅದನ್ನೇ. ಹತ್ತನೆಯ ತರಗತಿಗೆ ದ್ರಾವಣಗಳ ಪಾಠವನ್ನು ಇಷ್ಟು ವರ್ಷ ಹೇಳಿದವನು!

ಮೇಲಾಗಿ ತಂಪು ನಾಲಗೆಯನ್ನು ಮರಗಟ್ಟಿಸುತ್ತದೆ. ಸಿಹಿಯೂ ಮಂದವಾಗುತ್ತದೆ, ಉರಿಯೂ ಮಂದವಾಗುತ್ತದೆ. ಸಿಹಿ ತಿಳಿಯಲೆಂದು ಪುಡಿಯಲ್ಲಿ ಸಕ್ಕರೆಯನ್ನು ಯಥೇಚ್ಛ ತುಂಬಿರುತ್ತಾರೆ. ಉರಿ ತಿಳಿಯದಿರುವುದು ಮಾರುವವನಿಗೆ ಲಾಭ. ಕಹಿ, ಒಗರು, ಗಂಟಲು ಸುಡುವಿಕೆ ಇವೆಲ್ಲ ನಿಸರ್ಗ ಇಟ್ಟ ಕಾವಲುಗಾರರು. ದೊಡ್ಡವರಿಗೂ ‘ಸಾಕು’ ಎಂದು ಹೇಳುವವರು ಅವರೇ. ಮಂಜು, ಸಕ್ಕರೆ, ಬಣ್ಣ, ಪರಿಮಳ ಸೇರಿ ಆ ಕಾವಲುಗಾರರನ್ನು ಮಲಗಿಸಿಬಿಡುತ್ತವೆ. ಈ ಪಾನೀಯದ ವಿಶೇಷವೆಂದರೆ ಅದೊಂದೇ. ಮಿಕ್ಕದ್ದೆಲ್ಲ ಪೊಟ್ಟಣದ ಚಿತ್ರ. ಪೊಟ್ಟಣವನ್ನು ಕಸದ ಬುಟ್ಟಿಯಿಂದ ತೆಗೆದು ಭೂತಗನ್ನಡಿ ಹಿಡಿದು ಓದಿದೆ. ಮೊದಲ ಪದಾರ್ಥ ಸಕ್ಕರೆ, ಆಮೇಲೆ ಸಿಟ್ರಿಕ್ ಆಮ್ಲ, ಆಮೇಲೆ ಪರಿಮಳ ಮತ್ತು ಬಣ್ಣ. ಚಿತ್ರದಲ್ಲಿದ್ದ ಹಣ್ಣುಗಳಲ್ಲಿ ಒಂದೂ ಒಳಗಿರಲಿಲ್ಲ.

ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತನ್ನೂ ಅಳಿಯಂದಿರು ಆಡಿದರು. ಅದು ಹಳೆಯ ಸುದ್ದಿ. ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 1988ರಲ್ಲಿ. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಹೃದಯದ ಚಿಂತೆ ಇದ್ದವರು ಬೆಳಿಗ್ಗೆ ಶರಣಬಸವೇಶ್ವರ ಕೆರೆಯ ದಂಡೆಯಲ್ಲಿ ನಾಲ್ಕು ಸುತ್ತು ಹಾಕಲಿ.

ರೈತನ ಹೆಸರನ್ನೂ ತರುತ್ತಾರೆ. ನೆರೆಯ ಮಹಾರಾಷ್ಟ್ರದಲ್ಲಿ 2022ರ ಜನವರಿಯಲ್ಲಿ ಸೂಪರ್ ಮಾರ್ಕೆಟುಗಳಲ್ಲಿ ವೈನ್ ಮಾರಲು ಸಂಪುಟ ಒಪ್ಪಿದಾಗಲೂ ಇದೇ ವಾದ: ವೈನ್ ಮದ್ಯವಲ್ಲ, ದ್ರಾಕ್ಷಿ ಬೆಳೆಗಾರನ ಆದಾಯ. ಜನ ಅದನ್ನು ಪ್ರತಿಭಟಿಸಿದರು. ನಮ್ಮ ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರರನ್ನು ನಾನು ಬಲ್ಲೆ. ಅವರ ಬೆಳೆ ಬಹುಪಾಲು ತಿನ್ನಲಿಕ್ಕೆ, ಒಣದ್ರಾಕ್ಷಿಗೆ. ಅಕಾಲದ ಮಳೆಗೆ ಗೊಂಚಲು ಕೊಳೆತಾಗ ಅವರಿಗಾಗಿ ಮರುಗದವರು ಬಾಟಲಿಯ ಮುಚ್ಚಳ ತೆಗೆಯುವಾಗ ಮಾತ್ರ ಮರುಗುತ್ತಾರೆ. ಅಮೆರಿಕದ ಸಕ್ಕರೆ ಪುಡಿಯಿಂದ ಇಲ್ಲಿಯ ಯಾವ ರೈತ ಉದ್ಧಾರವಾದನೋ ನಾನರಿಯೆ.

ಮೂರನೆಯದು, ‘ಮನ್ಯಾಗ ಮಾಡಿದ್ದು’. ನನಗೆ ಅತ್ಯಂತ ನೋವಾದದ್ದು ಈ ಮಾತಿನಿಂದ. ಮನೆಯಲ್ಲಿ ಮಾಡಿದ್ದು ಎಂದರೆ ನಮ್ಮಲ್ಲಿ ಮಗುವಿಗೆ ಕೇಳದೆ ಕೊಡಬಹುದಾದದ್ದು ಎಂದರ್ಥ. ಆ ಒಂದು ನಂಬಿಕೆಯಿಂದಲೇ ನಾನು ಡಬ್ಬಿಯ ಮುಚ್ಚಳ ತೆಗೆದದ್ದು. ಬೇಸಿಗೆಯಲ್ಲಿ ನಮ್ಮವ್ವ ಮಾವಿನಕಾಯಿ ಬೇಯಿಸಿ ಬೆಲ್ಲ ಹಾಕಿ ಪಾನಕ ಮಾಡುತ್ತಿದ್ದಳು, ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ ಮಣ್ಣಿನ ಗಡಿಗೆಯಲ್ಲಿ ತಂಪಿಗಿಡುತ್ತಿದ್ದಳು. ರಮಜಾನಿನಲ್ಲಿ ಬಂದೇನವಾಜರ ದರ್ಗಾದ ಕಡೆಯ ಗೆಳೆಯರ ಮನೆಯಲ್ಲಿ ಕೆಂಪು ಶರಬತ್ತು. ಎಂಬತ್ತರ ದಶಕದಲ್ಲಿ ರಸ್ನಾ ಬಂತು, ಒಂದು ಪೊಟ್ಟಣಕ್ಕೆ 32 ಗ್ಲಾಸು. ಪುಡಿ, ಸಕ್ಕರೆ, ನೀರು ಕಲಸಿ ಫ್ರಿಜ್ಜಿನಲ್ಲಿಡುವುದನ್ನು ನಮ್ಮ ಮಕ್ಕಳು ಕಲಿತದ್ದು ಆಗ. ಅದನ್ನೂ ನಾನು ಹೊಗಳಲಾರೆ, ಬಣ್ಣದ ನೀರು ಅದು. ಆದರೆ ಅಡುಗೆಮನೆಯಲ್ಲಿ ಕಲಸಿದ ಬಣ್ಣದ ನೀರು ಮಕ್ಕಳದು ಎಂಬ ನಂಬಿಕೆ ಮನೆಮನೆಯಲ್ಲೂ ಬೇರೂರಿತು. ವೈನಿನ ಪುಡಿ ಮಾರುವವರು ಅದೇ ಪೊಟ್ಟಣ, ಅದೇ ಬಣ್ಣ, ಅದೇ ಕಲಸುವ ಕ್ರಮವನ್ನು ಎತ್ತಿಕೊಂಡಿದ್ದಾರೆ. ನಂಬಿಕೆಯನ್ನು ನಾವು ಕಟ್ಟಿಟ್ಟೆವು, ಅವರು ಬಂದು ಒಳಗೆ ಕುಳಿತರು.

ಇದನ್ನೆಲ್ಲ ಓದಿ ‘ಮಾಸ್ತರರು ಪಾನನಿರೋಧದ ಭಾಷಣ ಶುರುಮಾಡಿದರು’ ಎಂದು ಕೆಲವರು ನಗಬಹುದು. ನಮ್ಮ ತಂದೆಯ ಕಾಲದಲ್ಲಿ, ಇದು ನಿಜಾಮರ ಸೀಮೆಯಾಗಿದ್ದಾಗ, ಖಜಾನೆ ತುಂಬುತ್ತಿದ್ದುದರಲ್ಲಿ ಅಬಕಾರಿಯ ಪಾಲು ದೊಡ್ಡದಿತ್ತು. 1948ರ ನಂತರದ ಸರ್ಕಾರಗಳೂ ಆ ಹಣವನ್ನು ಬಿಟ್ಟುಕೊಡಲಿಲ್ಲ. ಕುಡಿತ ನಿಲ್ಲಿಸುವ ಶಕ್ತಿ ನನ್ನಂಥವನ ಬ್ಲಾಗಿಗೆ ಇದೆಯೆಂಬ ಭ್ರಮೆ ನನಗಿಲ್ಲ. ಪ್ರಾಯಕ್ಕೆ ಬಂದವರು ತಮ್ಮ ಮನೆಯಲ್ಲಿ ತಮ್ಮ ಹಣದಲ್ಲಿ ಕುಡಿದರೆ ನಾನು ಬಾಗಿಲು ಬಡಿಯುವವನಲ್ಲ. ಅಳಿಯಂದಿರಿಗೂ ಅದನ್ನೇ ಹೇಳಿದೆ: ಕುಡಿಯಿರಿ, ಆದರೆ ಬಾಟಲಿಯಿಂದ ಕುಡಿಯಿರಿ. ಅದರ ಹೆಸರಿನಲ್ಲಿ ಕುಡಿಯಿರಿ. ಮಗುವಿನ ತಿಂಡಿಯ ವೇಷ ಹಾಕಿಸಿ, ಮಗುವಿನ ಡಬ್ಬಿಯಲ್ಲಿ ಇಟ್ಟು, ಆಮೇಲೆ ‘ರಸ’ ಎಂದು ನನಗೆ ಪಾಠ ಹೇಳಬೇಡಿ. ಅವರು ಉತ್ತರಿಸಲಿಲ್ಲ. ಎರಡು ದಿನ ಮೊದಲೇ ಬೆಂಗಳೂರಿಗೆ ಹೊರಟರು. ಮಗಳು ಬಸ್ಸು ಹತ್ತುವಾಗ ‘ಅಪ್ಪಾ, ಕೊಟ್ಟವರು ನೀವು, ಬೈಸಿಕೊಂಡವರು ಅವರು’ ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಆ ಮಾತು ಇಂದಿಗೂ ಒಳಗೆ ಕುಟುಕುತ್ತದೆ.

ನಾಲ್ಕು ತಿಂಗಳು ಫೋನಿನಲ್ಲಿ ಕ್ಷೇಮಸಮಾಚಾರ ಮಾತ್ರ ನಡೆಯಿತು. ದಸರೆಯ ರಜೆಗೆ ಮೊಮ್ಮಗನನ್ನು ಕರೆದುಕೊಂಡು ಮಗಳೊಬ್ಬಳೇ ಬಂದಳು. ಅವನನ್ನು ಕೂರಿಸಿಕೊಂಡು ಕಮಲಾಪುರಕ್ಕೆ ಹೋದೆ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಸಿಪ್ಪೆ ಕೆಂಪು, ತಿರುಳು ಕೆನೆಯ ಬಣ್ಣ. ಬೆಳೆ ಕೈಗೆ ಬರಲು ಒಂದೂವರೆ ವರ್ಷ ಬೇಕು, ಖರ್ಚೂ ಹೆಚ್ಚು. ಹಾಗಾಗಿ ಶ್ರೀಮಂತರ ಹಣ್ಣೆಂದು ಹೆಸರು. ಬೆಳೆಯುವವರು ಮಾತ್ರ ಶ್ರೀಮಂತರಲ್ಲ. ರಸ್ತೆ ಬದಿಯಲ್ಲಿ ಒಂದು ಡಜನ್ ಕೊಂಡೆವು. ಮಾರಿದ ನಡುವಯಸ್ಸಿನ ಮನುಷ್ಯ ‘ಸರ, ಗುರ್ತ ಹತ್ತಲಿಲ್ಲೇನ್ರಿ?’ ಎಂದ. ಪ್ರಾರ್ಥನೆಯ ಸಾಲಿನಲ್ಲಿ ಬಿದ್ದ ಹುಡುಗನೇ ಅವನು. ಕುಡಿಯುವುದಿಲ್ಲವಂತೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತಂತೆ. ಅಂದು ಅವನ ಅಪ್ಪನಿಗೆ ಕುರ್ಚಿ ಕೊಡದಿದ್ದುದಕ್ಕೆ ಈಗ ಏನು ಹೇಳಲಿ? ಮೊಮ್ಮಗನ ಕೈಗೆ ಅವನು ಎರಡು ಹಣ್ಣು ಹೆಚ್ಚಿಗೆ ಇಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಹಣ್ಣನ್ನು ಕಿವುಚಿ, ಹಾಲು, ಸಕ್ಕರೆ, ಏಲಕ್ಕಿ ಹಾಕಿ ಮನೆಯಾಕೆ ಶೀಕರಣಿ ಮಾಡಿದಳು. ಉಳಿದದ್ದನ್ನು ಫ್ರೀಜರಿನಲ್ಲಿಟ್ಟೆವು. ಈಗ ನಮ್ಮ ಫ್ರೀಜರಿನ ಪ್ರತಿ ಡಬ್ಬಿಯ ಮೇಲೂ ನನ್ನ ಅಕ್ಷರದ ಚೀಟಿ ಇರುತ್ತದೆ. ಹುಡುಗ ಆಗಷ್ಟೇ ಕಾಗುಣಿತ ಕಲಿತಿದ್ದ. ಸ್ಟೂಲು ಎಳೆದುಕೊಂಡು ಹತ್ತಿ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದ: ‘ಶೀ...ಕ...ರ...ಣಿ.’ ಓದಿಯಾದ ಮೇಲೂ ಮುಚ್ಚಳಕ್ಕೆ ಕೈ ಹಾಕಲಿಲ್ಲ. ನನ್ನ ಕಡೆ ತಿರುಗಿ, ‘ಅಜ್ಜಾ, ನೀನು ಮೊದಲು ತಿನ್ನು’ ಎಂದ.